ನನ್ನ ಮಗಳು ಕೊಟ್ಟ ಲೋಟ ನೀರು

ವಿಶೇಷ ಮಕ್ಕಳ ಶಿಕ್ಷಣವನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ನೀವು ನನ್ನ ಮಗಳ ಕೈಯಿಂದ ಒಂದು ಲೋಟ ನೀರು ಕುಡಿದಿರಿ. ಕುಡಿದು ಹೋದವರು ಅವಳ ಟೀಚರನ್ನೇ ಕಿತ್ತುಕೊಂಡಿರಿ. ನನ್ನ ದೂರು ಇಷ್ಟೇ, ಮುಂದೆ ಬರೆಯುವುದೆಲ್ಲ ಅದರ ವಿವರ. ನಿಮ್ಮ ಕಚೇರಿಯಲ್ಲಿ ನನ್ನ ಮಾತಿಗೆ ಒಂದು ಕಿವಿಯೂ ಸಿಗಲಿಲ್ಲವಾದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ನಾನು ಇಸ್ತ್ರಿ ಅಂಗಡಿ ಇಟ್ಟುಕೊಂಡವಳು, ಹಳ್ಳಿಶಾಲೆಯಲ್ಲಿ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಗಳು ಹುಟ್ಟಿದಾಗ ನನಗೆ ನಲವತ್ತರ ಹತ್ತಿರ. ದೇವರು ತಡವಾಗಿ ಕೊಟ್ಟ. ಕೊಟ್ಟಿದ್ದು ಹೀಗೇಕೆ ಎಂದು ನಾನು ಅವನೊಡನೆ ಜಗಳಕ್ಕೆ ಹೋದವಳಲ್ಲ. ಅವಳ ಎಡಗೈ ಬಿಗಿ, ನಡಿಗೆ ವಾಲುತ್ತದೆ, ಹೇಳಿದ್ದು ತಲೆಗೆ ಇಳಿಯುವುದು ನಿಧಾನ. ಅವಸರ ಮಾಡಿದರೆ ಇದ್ದಲ್ಲೇ ಕೂತು ನಮ್ಮನ್ನೇ ಗದರುತ್ತಾಳೆ. ಅದಕ್ಕೇ ಅವಳ ಹೆಸರು ಮನೆಯಲ್ಲಿ ‘ಯಜಮಾನಿ’. ಶಾಲೆಯ ಮೂಲೆಕೋಣೆಯಲ್ಲಿ ಇಂಥ ಮಕ್ಕಳಿಗೆಂದೇ ಒಬ್ಬ ಟೀಚರಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ತಲುಪಿಸುವುದನ್ನು ಕಲಿಸಲು ಅವರಿಗೆ ಒಂದು ವರ್ಷ ಹಿಡಿಯಿತು. ಮೊದಲು ಖಾಲಿ ಲೋಟ, ಆಮೇಲೆ ತಳದಲ್ಲೊಂದು ಗುಟುಕು. ಚೆಲ್ಲಿದರೆ, “ಚೆಲ್ಲಲಿ ಬಿಡಿ ಯಜಮಾನಿಯವ್ರೇ, ನೆಲಕ್ಕೂ ಬಾಯಾರಿತ್ತು” ಎಂದು ನಗುತ್ತಿದ್ದರು.

ಅಷ್ಟರಲ್ಲಿ ನೀವು ಬರುತ್ತೀರೆಂಬ ಸುದ್ದಿ ಬಂತು. ಸಾಹೇಬರು ಮಕ್ಕಳನ್ನು ನೋಡಿ ಹರಸಿ ಹೋಗುತ್ತಾರೆ, ಏನಾದರೂ ಚೆಂದದ್ದು ಮಾಡಿ ತೋರಿಸಿ ಎಂದು ನಿಮ್ಮ ಕಚೇರಿಯವರೇ ಹೇಳಿಕಳಿಸಿದರು. ಪರೀಕ್ಷೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಮನೆಗೆ ನೆಂಟರು ಬರುವಾಗ ಹರಕು ಚಾಪೆಯನ್ನು ಮಡಿಸಿ ಒಳಗಿಡುವುದಿಲ್ಲವೇ? ನಾವೂ ಹಾಗೇ ಮಾಡಿದೆವು. ಕಿರುಚುವ ಮಗುವನ್ನು ಅದರ ಅಜ್ಜಿ ಅಂಗಳಕ್ಕೆ ಎತ್ತಿಕೊಂಡು ಹೋದರು. ನಿಮ್ಮ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕಿದವಳು ನಾನೇ. ಒಂದು ಸುಕ್ಕು ಉಳಿಸಿರಲಿಲ್ಲ.

ಯಜಮಾನಿ ಲೋಟ ಹಿಡಿದು ಹೊರಟಳು. ಅವಳು ನಿಮ್ಮ ಕುರ್ಚಿ ಮುಟ್ಟುವವರೆಗೆ ನಾವ್ಯಾರೂ ಉಸಿರು ಬಿಡಲಿಲ್ಲ. ಒಂದು ಹನಿ ಚೆಲ್ಲಲಿಲ್ಲ.

“ತಗೊಳ್ಳಿ. ತಣ್ಣಗಿದೆ,” ಅಂದಳು.

ನೀವು ಪೂರ್ತಿ ಕುಡಿದು ಹೇಳಿದಿರಿ: “ಭೇಷ್! ಇವಳಿಗೇನಮ್ಮಾ ಆಗಿರೋದು? ಎಲ್ಲರ ಹಾಗೇ ಇದ್ದಾಳಲ್ಲ!”

ನಾನು ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದೆ. ಅದು ಹೊಗಳಿಕೆಯಲ್ಲ, ತೀರ್ಪು ಎಂದು ಯಾರಿಗೆ ಗೊತ್ತಿತ್ತು?

ಸ್ವಲ್ಪ ದಿನಕ್ಕೆ ಆದೇಶ ಬಂತು. ಮಕ್ಕಳು ಸಾಮಾನ್ಯ ತರಗತಿಗೆ ಸಮರ್ಥರಾಗಿದ್ದಾರಂತೆ, ಪ್ರತ್ಯೇಕ ಶಿಕ್ಷಕಿಯ ಅಗತ್ಯವಿಲ್ಲವಂತೆ. ಟೀಚರನ್ನು ಬೇರೆ ಊರಿಗೆ ಹಾಕಿದಿರಿ. ಮೂಲೆಕೋಣೆಯಲ್ಲಿ ಈಗ ಮುರಿದ ಬೆಂಚುಗಳು ವಿದ್ಯಾಭ್ಯಾಸ ಮಾಡುತ್ತಿವೆ. ಕೇಳಲು ಬಂದರೆ ನಿಮ್ಮ ಗುಮಾಸ್ತರು, “ಖುಷಿ ಪಡೀಮ್ಮ, ನಿಮ್ಮ ಮಗಳು ಪಾಸಾದ್ಲು” ಅಂದರು. “ಪಾಸಾದವರ ಶಾಲೆಗೆ ಬೀಗ ಹಾಕೋದು ಎಲ್ಲಾದ್ರೂ ಉಂಟೇನ್ರೀ?” ಎಂದೆ. ಅವರಿಗೆ ಆಗಲೇ ಫೋನು ಬಂತು.

ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟವನನ್ನು ಕಂಡು, ನಡೆಯಲು ಬರುತ್ತದಲ್ಲ ಎಂದು ಊರುಗೋಲು ಕಸಿದುಕೊಳ್ಳುವುದು ಯಾವ ಸೀಮೆಯ ನ್ಯಾಯ? ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಕಲಿಯಲಿ ಎಂಬ ನಿಮ್ಮ ಮಾತು ಒಳ್ಳೆಯದೇ, ನನ್ನ ಆಸೆಯೂ ಅದೇ. ಆದರೆ ಕೂರಿಸುವುದು ಬೇರೆ, ಕಲಿಸುವುದು ಬೇರೆ. ಈಗ ಅವಳು ತುಂಬಿದ ತರಗತಿಯ ಕೊನೆಯ ಬೆಂಚಿನಲ್ಲಿದ್ದಾಳೆ. ಅಲ್ಲಿನ ಮೇಡಂ ಕೆಟ್ಟವರಲ್ಲ. “ಅಕ್ಕಾ, ಇವಳ ಕಡೆ ತಿರುಗಿದ್ರೆ ಉಳಿದವರು ಕೈ ತಪ್ತಾರೆ, ಅವರ ಕಡೆ ತಿರುಗಿದ್ರೆ ಇವಳು ತಪ್ತಾಳೆ. ನಾನೇನು ಮಾಡ್ಲಿ?” ಎಂದು ನನ್ನನ್ನೇ ಕೇಳುತ್ತಾರೆ. ಆ ಅಂಗಳದ ಅಜ್ಜಿಯಂತೂ, “ಇನ್ನು ಯಾವ ಸಾಹೇಬ್ರು ಬಂದ್ರೂ ನಮ್ಮ ಹುಡುಗನಿಗೆ ಏನೂ ಬರಲ್ಲ ಅಂತಲೇ ಹೇಳೋದು” ಎಂದುಬಿಟ್ಟಿದ್ದಾರೆ. ಮಕ್ಕಳು ಕಲಿತದ್ದನ್ನು ಕದ್ದ ಮಾಲಿನಂತೆ ಬಚ್ಚಿಡುವುದನ್ನು ನಮಗೆ ಕಲಿಸಿದಿರಿ. ಇದೂ ವಿಶೇಷ ಶಿಕ್ಷಣವೇ ಇರಬೇಕು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಯಜಮಾನಿ ಈಗ ಲೋಟ ಮುಟ್ಟುವುದಿಲ್ಲ. ಮೊನ್ನೆ ಇಸ್ತ್ರಿಪೆಟ್ಟಿಗೆಯ ಕಾವಿಗೆ ಬೆವರಿ ಕೂತಿದ್ದಾಗ, “ಒಂದು ಲೋಟ ನೀರು ಕೊಡೇ ನನ್ನಮ್ಮ” ಎಂದೆ. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಕೊಡಲ್ಲ. ನೀರು ಕೊಟ್ರೆ ಟೀಚರ್ ಹೋಗ್ತಾರೆ.”

ಇದಾದ ಮೇಲೆ ಅದು ಎಂದು ಜೋಡಿಸಲು ಅವಳಿಗೆ ಕಲಿಸಿದವರೂ ಆ ಟೀಚರೇ. ನಿಮ್ಮ ಆದೇಶದ ಒಂದಕ್ಷರವೂ ತಿಳಿಯದ ಮಗು ಅದರ ಕಾರಣವನ್ನು ನಮ್ಮೆಲ್ಲರಿಗಿಂತ ಸರಿಯಾಗಿ ಹಿಡಿದಿದೆ. “ಹಾಗಲ್ಲ ಮಗಳೇ” ಅನ್ನೋಣವೆಂದರೆ ದೇವರ ಎದುರು ಸುಳ್ಳು ಹೇಳಿದಂತಾಗುತ್ತದೆ. ಹೌದು ಅನ್ನೋಣವೆಂದರೆ, ಚೆನ್ನಾಗಿ ಮಾಡಿದ್ದಕ್ಕೇ ಶಿಕ್ಷೆ ಎಂದು ಹತ್ತು ವರ್ಷದ ಮಗುವಿಗೆ ಯಾವ ತಾಯಿ ಹೇಳಿಯಾಳು?

ಅದಕ್ಕೇ ಕೇಳುತ್ತಿದ್ದೇನೆ. ಬೆಂಚುಗಳನ್ನು ಹೊರಗೆ ಹಾಕಿಸಿ, ಟೀಚರನ್ನು ಅವರ ಕೋಣೆಗೆ ಕರೆತನ್ನಿ. ಜೊತೆಯಲ್ಲಿ ನೀವೂ ಬನ್ನಿ, ಹೇಳಿಕಳಿಸದೆ, ಒಂದು ಮಾಮೂಲಿ ದಿನ. ಮೇಜಿಗೆ ಬಟ್ಟೆ ಇರುವುದಿಲ್ಲ, ಕಿರುಚುವ ಮಗು ಒಳಗೇ ಇರುತ್ತದೆ. ಶಾಲೆ ಬಿಡುವವರೆಗೆ ಕೂತು ನೋಡಿ. ಆಮೇಲೆ ಯಜಮಾನಿಯನ್ನು ಕರೆದು, “ನೀರು ಕೊಟ್ಟ ನಿನ್ನದು ತಪ್ಪಲ್ಲ, ಕುಡಿದ ನನ್ನದು” ಎಂದು ನಿಮ್ಮ ಬಾಯಿಂದಲೇ ಹೇಳಿ. ನಂಬಿದರೆ ಅವಳೇ ಲೋಟ ತರುತ್ತಾಳೆ. ಬಾಯಾರಿಕೊಂಡೇ ಬನ್ನಿ, ಅವಸರ ಮಾಡಬೇಡಿ. ಈ ಸಲ ಚೆಲ್ಲಬಹುದು.

ಇಂತಿ,
ನಿಮ್ಮನ್ನು ನೆಂಟರೆಂದು ನಂಬಿ ಮೇಜಿನ ಬಟ್ಟೆಯ ಸುಕ್ಕು ಬಿಡಿಸಿದ,
ಯಜಮಾನಿಯ ತಾಯಿ