ಓದಿ ಹೇಳುವವರಿಗೂ ಒಂದು ಮಾತು

ಮೈಸೂರು, ೬-೧೨-೧೯೯೪

ತೀರ್ಥರೂಪು ಅಪ್ಪನಿಗೆ,

ಹಾಸ್ಟೆಲಿನಿಂದ ಪ್ರಮೀಳಾ ಮಾಡುವ ನಮಸ್ಕಾರ.

"ಅದೇನವ್ವ ಓದ್ತಿದ್ದೀಯ ಅಲ್ಲಿ" ಎಂದು ಬರೆಸಿದ್ದಿರಿ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಯುರೋಪಿನವರು ಮುನ್ನೂರು ವರ್ಷ ವಾದ ಮಾಡಿಕೊಂಡು ಬಂದ ಕಥೆ, ಅಷ್ಟೇ. ಮಧ್ಯಾಹ್ನ ಲೈಬ್ರರಿಯಲ್ಲಿ ಕೂತರೆ ಪುಟದ ಮೇಲೆ ನಮ್ಮ ತೊಣ್ಣೂರು ಕೆರೆಯ ನೀರು ಹರಡಿಕೊಂಡಂತಾಗುತ್ತದೆ. ನೀರಿನಾಚೆ ನಮ್ಮ ಜಗಲಿ, ಜಗಲಿಯ ಮೇಲೆ ನೀವು, ಪಕ್ಕದಲ್ಲಿ ನನ್ನ ಕಾಗದ ಹಿಡಿದ ಹಾಲಿನ ಡೇರಿಯ ತಿಮ್ಮರಾಜು.

ಯಾವ ಮನುಷ್ಯನನ್ನೂ ಬರೀ ನಮ್ಮ ಕೆಲಸಕ್ಕೆ ಒದಗುವ ವಸ್ತುವಿನಂತೆ ಕಾಣಬಾರದು ಎಂದು ನಿನ್ನೆ ಓದಿದೆ. ನಾಚಿಕೆಯಾಯಿತು. ನಿಮಗೆ ಅಕ್ಷರ ಬಾರದೆಂದು ಎರಡು ವರ್ಷದಿಂದ ನಿಮ್ಮ ಮಾತನ್ನು ಬರೆಯುವವರೂ ನನ್ನ ಕಾಗದವನ್ನು ಓದಿ ಹೇಳುವವರೂ ತಿಮ್ಮರಾಜು ಅವರೇ. ಅವರ ಅಕ್ಷರವೇ ನನಗೆ ಊರಿನ ದನಿ. ಆದರೂ ಚೆನ್ನಾಗಿದ್ದೀರಾ ಎಂದು ಅವರನ್ನು ಒಂದು ದಿನವೂ ಕೇಳಲಿಲ್ಲ.

ಹೊಣಕೆರೆಯಿಂದ ಹೆಣ್ಣು ನೋಡಲು ಬರುತ್ತೇವೆಂದವರಿಗೆ ಸಂಕ್ರಾಂತಿ ಕಳೆಯಲಿ ಎಂದು ಹೇಳಿ. ಹಬ್ಬಕ್ಕೆ ನಾನೇ ಬರುತ್ತೇನೆ.

ತಿಮ್ಮರಾಜು ಅವರೇ, ಚೆನ್ನಾಗಿದ್ದೀರಾ? ಉತ್ತರ ಬರೆಯಬೇಡಿ. ಬಂದಾಗ ನಿಮ್ಮ ಬಾಯಿಂದಲೇ ಕೇಳಬೇಕು.

ಅಪ್ಪಾ, ಇಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಾದರೆ "ಯಾಕ್ಲಾ ನಿಲ್ಲಿಸ್ಬುಟ್ಟೆ, ಓದ್ಲಾ" ಎಂದು ಬೈಯಬೇಡಿ.

ನಿಮ್ಮ ಮಗಳು,
ಪ್ರಮೀಳಾ