ಚೂಡಾಳ ಪೊಡೊಕಾರ್ಪಸ್, ಖಾಲಿ ಸೈಟಿನ ಮೊಲ

26 ಜುಲೈ 2025, ಶನಿವಾರ. ಬೆಳಿಗ್ಗೆ 6.40
ಗಿಡಗಳಿಗೆ ನೀರು. ಕಾಫಿ ಇನ್ನೂ ಆಗಿಲ್ಲ. ಪೊಡೊಕಾರ್ಪಸ್‌ನ ಒಂದು ಕುಡಿ ಮಾಯ! ಓರೆಯಾಗಿ, ಬ್ಲೇಡಿನಲ್ಲಿ ಕೊಯ್ದ ಹಾಗೆ. ಪಕ್ಕದ ಖಾಲಿ ಸೈಟಿನ ಕಾಡುಮೊಲದ್ದೇ ಕೆಲಸ. ಮೊಲ ಕಚ್ಚಿದರೆ ಹೀಗೇ ಇರುತ್ತದಂತೆ.

ಪೈನ್ ಬಳಗದ ಗಿಡ, ಆದರೆ ಎಲೆ ಅಗಲ. ಘಟ್ಟದಲ್ಲೇ ಅಪರೂಪ. ವಸಂತಪುರಕ್ಕೆಲ್ಲ ಇದೊಂದೇ ಇರಬೇಕು. ನನ್ನ ಹೆಂಡತಿ ಚೂಡಾಮಣಿ ಕಾಲೇಜಿನಲ್ಲಿ ಬಾಟನಿ ಪಾಠ ಹೇಳುತ್ತಿದ್ದಾಗ ಬೀಜದಿಂದ ಎಬ್ಬಿಸಿದ್ದು. ನಾನು ಬ್ಯಾಂಕಿನವನು, ನೀರು ಹಾಕುವುದಷ್ಟೇ ಗೊತ್ತು.

2 ಆಗಸ್ಟ್, ಶನಿವಾರ
ಮತ್ತೆರಡು ಕುಡಿ ಹೋಗಿವೆ. ಮೈಯೆಲ್ಲ ಉರಿಯಿತು. ಕೂತು ಹೋಲಿಸಿದೆ. ಗಿಡ — ಒಂಬತ್ತು ವರ್ಷಕ್ಕೆ ಮೊಣಕಾಲೆತ್ತರ. ಮೊಲ — ವರ್ಷಕ್ಕೆ ಮೂರ್ನಾಲ್ಕು ಸಲ ಮರಿ. ತುರಹಳ್ಳಿ ಕಾಡಿನ ಕಡೆ ಹೋದರೆ ಬೇಕಾದಷ್ಟು. ಒಂದು ಕಡಿಮೆಯಾದರೆ ಯಾರಿಗೆ ನಷ್ಟ?

ಎದುರು ಬಿಲ್ಡಿಂಗಿನ ವಾಚ್‌ಮನ್ ಮುನಿಯಣ್ಣನಿಗೆ ಹೇಳಿದೆ.
"ಉರುಳು ಹಾಕ್ಬೋದು ಸಾರ್. ಫಾರೆಸ್ಟ್‌ನೋರು ಕೇಳಿದ್ರೆ ನನ್ ಹೆಸ್ರು ಹೇಳ್ಬೇಡಿ."
ಹೇಳುವುದಿಲ್ಲ ಎಂದೆ. ಚೂಡಾಗೂ ಹೇಳಲಿಲ್ಲ.

5 ಆಗಸ್ಟ್, ಮಂಗಳವಾರ
ಸಿಕ್ಕಿತು. ಸತ್ತಿತ್ತು, ಕಣ್ಣು ತೆರೆದೇ ಇತ್ತು. ಮುನಿಯಣ್ಣ ತಿರುಗಿಸಿ ನೋಡಿದ. "ಹೆಣ್ಣು ಸಾರ್. ಹಾಲಿದೆ. ಮರಿ ಇಲ್ಲೇ ಎಲ್ಲೋ ಇರ್ತವೆ." ಇಬ್ಬರೂ ಹುಲ್ಲೆಲ್ಲ ಹುಡುಕಿದೆವು. ಸಿಗಲಿಲ್ಲ.

8 ಆಗಸ್ಟ್, ವರಮಹಾಲಕ್ಷ್ಮಿ ಹಬ್ಬ
ಚೂಡಾ ಮಂಗಳಾರತಿಗೆ ಕರೆದಳು. ಕಲಶದಲ್ಲಿ ಮಾವಿನೆಲೆ ಇರಲಿಲ್ಲ... ಪೊಡೊಕಾರ್ಪಸ್.
"ಇದೆಲ್ಲಿಂದ ತಂದೆ, ಚೂಡಾ?"
"ಹಿತ್ತಲಿಂದ ರೀ. ಶ್ರಾವಣ ಶುಕ್ರವಾರ ನಮ್ಮನೆ ಮಾವಿಂದೇ ತಾನೆ ಇಡ್ತಿರೋದು?"

ನಮ್ಮನೆಯಲ್ಲಿ ಮಾವಿನ ಮರವೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಎಲೆ ಗುರುತಿಸಲು ಕಲಿಸಿದವಳು. ಆರತಿ ತಟ್ಟೆ ಹಿಡಿದ ಅವಳ ಮುಖ ನೋಡಿ ಹೆದರಿದೆ. ಹಿಂದಿನ ಎರಡು ಶುಕ್ರವಾರ ಇದೇ ಕಲಶಕ್ಕೆ ಕೈಮುಗಿದಿದ್ದೇನೆ, ಎಲೆ ನೋಡಿರಲಿಲ್ಲ. ಮೊಲ ಏನೂ ಮಾಡಿರಲಿಲ್ಲ.

13 ಆಗಸ್ಟ್, ಬುಧವಾರ
ಜಯನಗರ. ಡಾಕ್ಟರು ಚೂಡಾಳ ಸ್ಕ್ಯಾನ್ ನೋಡಿದರು. ಮರೆವು ಇನ್ನೂ ಹೆಚ್ಚುತ್ತದಂತೆ.

15 ಆಗಸ್ಟ್, ಶುಕ್ರವಾರ
ಕತ್ತರಿ ಹಿಡಿದು ಹಿತ್ತಲಿಗೆ ಹೊರಟಳು. ತಡೆಯಲು ಮನಸ್ಸಾಗಲಿಲ್ಲ. ಕೊನೆಯ ಕುಡಿ. ನಾನೇ ಬಗ್ಗಿಸಿ ಹಿಡಿದೆ. ಕತ್ತರಿಸಿ, ಖಾಲಿ ಸೈಟಿನ ಕಡೆ ತಿರುಗಿದಳು.
"ಆ ಮೊಲ ಕಾಣಿಸ್ತಾನೇ ಇಲ್ಲ ರೀ. ಪಾಪ, ಬಸುರಿ ಇತ್ತು."
ಎಲ್ಲವನ್ನೂ ಮರೆಯುತ್ತಿದ್ದಾಳೆ, ಇದು ನೆನಪಿದೆ. ದೇವರೇ, ಇದೊಂದನ್ನು ಅವಳು ಬೇಗ ಮರೆಯಲಿ ಎಂದು ನಾನು—