ತಲೆಬರಹದಿಂದ ಬಿದ್ದುಹೋದ ಇಲಿಗಳು

ನವೆಂಬರ್ ೧೪, ಗುರುವಾರ

ಇಲಿಗಳನ್ನು ತಲೆಬರಹದಿಂದ ತೆಗೀಬೇಡಿ ಅಂತ ಬಾಯಿ ಬಡ್ಕೊಂಡೆ. ಯಾರು ಕೇಳ್ತಾರೆ? ವಿಶ್ವವಿದ್ಯಾಲಯದ ಸಂಶೋಧನಾ ಸುದ್ದಿ ಬರೆಯೋಳು ನಾನು, ತಲೆಬರಹ ಮಾತ್ರ ನಮ್ಮ ಪ್ರಚಾರ ವಿಭಾಗದ ನಿರ್ದೇಶಕರ ಸ್ವತ್ತು. ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳೋ ಗಾರೆ, ಉಪ್ಪುನೀರಲ್ಲಿ ಬೆಳೆಯೋ ಗೋಧಿ, ಲಾಲಿಹಾಡುಗಳ ಚರಿತ್ರೆ, ಈ ಸುದ್ದಿಗಳ ತಲೆಬರಹಕ್ಕೆಲ್ಲ ಅವರು ಕೈ ಹಚ್ಚಲಿಲ್ಲ. ಒಂದು ಎಲೆಯ ರಸದಿಂದ ಇಲಿಗಳ ಸಕ್ಕರೆ ಕಾಯಿಲೆ ತಗ್ಗಿದ ಸುದ್ದಿಗೆ ಮಾತ್ರ, "ಇಲಿ ಅಂದ್ರೆ ಯಾರು ಓದ್ತಾರಮ್ಮ?" ಅಂದು, "ಸಕ್ಕರೆ ಕಾಯಿಲೆಗೆ ಎಲೆಯೇ ಮದ್ದು" ಅಂತ ಸೋಮವಾರ ವೆಬ್‌ಸೈಟಿನಲ್ಲಿ ಹಾಕೇಬಿಟ್ಟರು.

ಇವತ್ತು ಮಧ್ಯಾಹ್ನ ಚಿಕ್ಕಮ್ಮನ ಫೋನ್. "ನಿಮ್ಮ ಆಫೀಸಿನ ಸುದ್ದಿ ಓದಿ ಮಾತ್ರೆ ಬಿಟ್ಟೆ ಕಣೇ. ಆ ಎಲೆ ಎಲ್ಲಿ ಸಿಗುತ್ತೆ?"

"ಚಿಕ್ಕಮ್ಮ, ಅದು ಇಲಿಗಳಿಗೆ!"

"ಮೇಲೆ ದಪ್ಪಕ್ಷರದಲ್ಲಿ ಇಲಿ ಅಂತ ಇರ್ಲೇ ಇಲ್ವಲ್ಲೇ."

ಓಡಿಹೋಗಿ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಸಕ್ಕರೆ ಸಿಕ್ಕಾಪಟ್ಟೆ ಏರಿತ್ತು. ಮಾತ್ರೆ ಮತ್ತೆ ಶುರುಮಾಡಿದರೆ ಇಳಿಯುತ್ತೆ ಅಂದರು, ಸದ್ಯ. ದಾರಿಯುದ್ದಕ್ಕೂ ಚಿಕ್ಕಮ್ಮ ಬೈದಿದ್ದು ನನಗೇ: "ಅಷ್ಟು ಓದಿದ್ದೀಯ, ನೆಟ್ಟಗೆ ಬರೆಯೋಕಾಗಲ್ವಾ?"

ನಿರ್ದೇಶಕರಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ ಪಾಪ" ಅಂದರು. ಆಮೇಲೆ, "ಆದ್ರೂ ನೋಡಮ್ಮ, ಎಷ್ಟು ಜನ ಓದಿದಾರೆ!"

ಮೈಯೆಲ್ಲ ಉರೀತು. ಯಾರನ್ನೂ ಕೇಳದೆ ತಲೆಬರಹ ನಾನೇ ತಿದ್ದಿದೆ: "ಪ್ರಯೋಗ ಇಲಿಗಳ ಮೇಲೆ ಮಾತ್ರ, ಮಾತ್ರೆ ನಿಲ್ಲಿಸಬೇಡಿ." ನಾಳೆ ಬೆಳಿಗ್ಗೆ ಕರೆಸ್ತಾರೆ. ಕರೆಸಲಿ. ಚಿಕ್ಕಮ್ಮನನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ. ಅವಳ ಬಾಯಿಗೆ ಈ ಮನುಷ್ಯ ಒಂದು ಸಲ ಸಿಕ್ಕಿದರೆ ಸಾಕು, ಆಮೇಲೆ ಯಾವ ತಲೆಬರಹದಿಂದಲೂ ಇಲಿ ತೆಗೆಯೋ ಧೈರ್ಯ ಮಾಡಲ್ಲ.